ಮೂಳೆಗಾಗಿ ಹುಟ್ಟಿದ ಗಾಜು ಹಲ್ಲಿಗೆ ಬಂದ ಬಗೆ

ಗಾಜಿನ ಕಸುಬು ನಡೆದುಬಂದ ಸಾವಿರಾರು ವರ್ಷಗಳಲ್ಲಿ ಒಳ್ಳೆಯ ಗಾಜಿನ ಮೊದಲ ಲಕ್ಷಣವೆಂದು ಎಣಿಸಲಾಗುತ್ತಿದ್ದುದು ಅದು ನೀರಿಗೆ ಜಗ್ಗದೆ ನಿಲ್ಲುವ ಗುಣವನ್ನು. ಮರಳು ಕರಗಲು ಬೇಕಾಗುವ ವಿಪರೀತ ಕಾವನ್ನು ತಗ್ಗಿಸುವುದಕ್ಕೆ ಸೋಡಾ ಬೆರೆಸುವುದು, ಸೋಡಾ ಹೆಚ್ಚಾದ ಗಾಜು ನೀರಿನಲ್ಲಿ ಸವೆಯತೊಡಗುವುದರಿಂದ ಅದನ್ನು ತಡೆಯಲು ಸುಣ್ಣ ಸೇರಿಸುವುದು, ಈ ಮೂರರ ಪ್ರಮಾಣವನ್ನು ಹದಗೊಳಿಸಿ ಮಳೆಗಾಳಿಗಳನ್ನು ತಡೆದುಕೊಳ್ಳುವ ಹಾಳೆಯನ್ನೋ ಪಾತ್ರೆಯನ್ನೋ ಪಡೆಯುವುದು ಆ ಕಸುಬಿನ ತಿರುಳು. ಕಿಟಕಿಯ ಗಾಜಿನಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಮಿಕ್ಕಿ ಸಿಲಿಕಾ, ಅಂದರೆ ಮರಳಿನ ಮೂಲದ್ರವ್ಯ, ಇರುವುದು ಈ ಕಾರಣಕ್ಕೆ. ಈ ಅಳತೆಗೋಲಿನಿಂದ ನೋಡಿದರೆ, ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ರೂಪುಗೊಂಡು ‘45ಎಸ್5’ ಎಂಬ ಸಂಕೇತದಿಂದ ಪ್ರಸಿದ್ಧವಾದ ಗಾಜು ತೀರ ಕಳಪೆಯ ಗಾಜು: ಅದರಲ್ಲಿ ಸಿಲಿಕಾ ನೂರಕ್ಕೆ 45 ಪಾಲು ಮಾತ್ರ, ಸೋಡಾ ಮತ್ತು ಸುಣ್ಣ ತಲಾ 24.5 ಪಾಲು, ಉಳಿದ 6 ಪಾಲು ರಂಜಕದ ಆಕ್ಸೈಡ್. ಒದ್ದೆಯಾದೊಡನೆ ಇದು ಕರಗತೊಡಗುತ್ತದೆ. ಈ ಕುಂದನ್ನೇ ಗುಣವಾಗಿ ಬಳಸಿಕೊಂಡದ್ದರಿಂದ ಮೂಳೆ ಬೆಸೆಯುವ ವಸ್ತುವೊಂದು ದೊರೆಯಿತು. ಅದೇ ವಸ್ತು ನಾಲ್ಕು ದಶಕಗಳಲ್ಲಿ ಹಂತಹಂತವಾಗಿ ಪುಡಿಯಾಗುತ್ತ ಹೋಗಿ, ತಣ್ಣೀರು ತಾಗಿದರೆ ಜುಮ್ಮೆನ್ನುವ ಹಲ್ಲುಗಳ ಔಷಧವಾಗಿ ಸ್ನಾನದ ಮನೆಯ ಗೂಡುಗಳನ್ನು ಸೇರಿತು.

ಹಲ್ಲು ಜುಮ್ಮೆನ್ನುವುದು ಹಳೆಯ ಬಾಧೆಯಾದರೂ ಅದರ ಕಾರಣ ಸ್ಪಷ್ಟವಾದದ್ದು ಇತ್ತೀಚೆಗೆ. ಹಲ್ಲಿನ ಹೊರಕವಚವಾದ ಎನಾಮೆಲ್ ದೇಹದಲ್ಲೇ ಅತ್ಯಂತ ಗಡಸಾದ ವಸ್ತು. ಅದರ ಕೆಳಗಿರುವ ಡೆಂಟಿನ್ ಎಂಬ ಪದರ ಮೂಳೆಯನ್ನು ಹೋಲುವಂಥದ್ದು. ಅದರೊಳಗೆ ನರಗಳೂ ರಕ್ತನಾಳಗಳೂ ಇರುವ ಮೆದು ತಿರುಳು. ಡೆಂಟಿನ್ ಇಡಿಯಾಗಿ ಗಟ್ಟಿಯಾದ ಪದರವಲ್ಲ. ತಿರುಳಿನಿಂದ ಹೊರಕ್ಕೆ ಹೊರಟ ಸೂಕ್ಷ್ಮನಾಳಗಳು ಅದರುದ್ದಕ್ಕೂ ಹಾದುಹೋಗಿದ್ದು, ಅವುಗಳ ಅಗಲ ಸುಮಾರು ಒಂದರಿಂದ ಎರಡೂವರೆ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದೆರಡು ಪಾಲು ಮಾತ್ರ. ಒಂದು ಚದರ ಮಿಲಿಮೀಟರಿನಲ್ಲಿ ಇಂಥ ನಾಳಗಳು ಹತ್ತಾರು ಸಾವಿರ. ಒಸಡು ಸರಿದು ಬೇರಿನ ಭಾಗ ಹೊರಬಿದ್ದಾಗ, ಅಥವಾ ಗಡಸು ಬ್ರಷ್ಷಿನಿಂದಲೂ ಹುಳಿಯಿಂದಲೂ ಕವಚ ಸವೆದಾಗ, ಈ ನಾಳಗಳ ಬಾಯಿ ತೆರೆದುಕೊಳ್ಳುತ್ತದೆ.

ತೆರೆದ ಬಾಯಿಗೆ ತಣ್ಣನೆಯ ಗಾಳಿ ತಗುಲಿದರೆ ಒಳಗಿನ ನರಕ್ಕೆ ನೋವು ತಲುಪುವುದು ಹೇಗೆ ಎಂಬುದು ಬಹುಕಾಲ ಚರ್ಚೆಯಲ್ಲಿದ್ದ ಪ್ರಶ್ನೆ. ನಾಳದ ತುಂಬ ನರದ ಎಳೆಗಳೇ ಇರಬೇಕೆಂದು ಕೆಲವರು ಊಹಿಸಿದ್ದರು. ಆದರೆ ಡೆಂಟಿನ್ನಿನ ಹೊರ ಅಂಚಿನಲ್ಲಿ ನರಗಳು ಕಾಣಸಿಗುತ್ತಿರಲಿಲ್ಲ, ಅಲ್ಲಿ ಮುಟ್ಟಿದರೆ ನೋವು ಮಾತ್ರ ಆಗುತ್ತಿತ್ತು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಗೀಸಿ 1900ರ ಹೊತ್ತಿಗೆ ನಾಳದೊಳಗಿನ ದ್ರವದ ಚಲನೆಯೇ ನೋವಿಗೆ ಕಾರಣವಿರಬಹುದೆಂದು ಸೂಚಿಸಿದ್ದರೂ ಆ ಮಾತಿಗೆ ಪ್ರಯೋಗದ ಬೆಂಬಲ ಒದಗಿದ್ದು 1960ರ ದಶಕದಲ್ಲಿ, ಸ್ವೀಡನ್ನಿನ ಮಾರ್ಟಿನ್ ಬ್ರಾನ್‌ಸ್ಟ್ರೋಮ್ ಅವರ ಕೆಲಸದಿಂದ. ತಂಪು, ಗಾಳಿ, ಸಿಹಿ ಇವೆಲ್ಲ ನಾಳದ ದ್ರವವನ್ನು ಹೊರಕ್ಕೆ ಎಳೆಯುತ್ತವೆ, ಆ ಎಳೆತ ತಿರುಳಿನ ಅಂಚಿನಲ್ಲಿರುವ ನರತುದಿಗಳನ್ನು ಕೆಣಕುತ್ತದೆ ಎಂಬ ಅವರ ವಿವರಣೆ ದ್ರವಚಲನಾ ಸಿದ್ಧಾಂತವೆಂಬ ಹೆಸರಿನಲ್ಲಿ ಇಂದಿಗೂ ಹೆಚ್ಚು ಮಾನ್ಯವಾಗಿದೆ. ಜುಮ್ಮೆನ್ನುವ ಹಲ್ಲುಗಳಲ್ಲಿ ತೆರೆದ ನಾಳಗಳ ಸಂಖ್ಯೆ ಉಳಿದ ಹಲ್ಲುಗಳಿಗಿಂತ ಸುಮಾರು ಎಂಟು ಪಟ್ಟು, ಅವುಗಳ ಅಗಲ ಸುಮಾರು ಎರಡು ಪಟ್ಟು ಎಂದು 1987ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿತು. ಕೊಳವೆಯಲ್ಲಿ ಹರಿಯುವ ದ್ರವದ ಪ್ರಮಾಣ ಅದರ ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುವುದರಿಂದ, ಅಗಲ ಇಮ್ಮಡಿಯಾದರೆ ಹರಿವು ಹದಿನಾರು ಪಟ್ಟಾಗುತ್ತದೆ. ಇದನ್ನೇ ತಿರುವಿ ಹಾಕಿದರೆ, ನಾಳದ ಬಾಯಿಯನ್ನು ಪೂರ್ತಿ ಮುಚ್ಚಲಾಗದೆ ಅರ್ಧಕ್ಕೆ ಕಿರಿದುಗೊಳಿಸಿದರೂ ಹರಿವು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಮುಂದೆ ಬಂದ ಗಾಜಿನ ಚಿಕಿತ್ಸೆಗೆ ಈ ಲೆಕ್ಕಾಚಾರವೇ ಆಧಾರ.

ಆದರೆ ಚಿಕಿತ್ಸೆಗಳ ಚರಿತ್ರೆ ಸಿದ್ಧಾಂತದ ಹಿಂದೆಯೇ ನಡೆದು ಬಂದುದಲ್ಲ. ಹತ್ತೊಂಬತ್ತನೆಯ ಶತಮಾನದ ದಂತವೈದ್ಯರು ನೋವಿನ ಹಲ್ಲಿನ ನರವನ್ನೇ ಕೊಲ್ಲಲು ಆರ್ಸೆನಿಕ್ ಬಳಸುತ್ತಿದ್ದರು. ಬೆಳ್ಳಿಯ ನೈಟ್ರೇಟ್ ಹಚ್ಚುವ ಪದ್ಧತಿಯೂ ಇತ್ತು, ಅದು ಹಲ್ಲನ್ನು ಕಪ್ಪಾಗಿಸುತ್ತಿತ್ತು. 1935ರಲ್ಲಿ ಅಮೆರಿಕದ ದಂತವೈದ್ಯ ಲೂಯಿ ಗ್ರಾಸ್‌ಮನ್ ಆದರ್ಶ ಔಷಧವೊಂದರ ಲಕ್ಷಣಗಳನ್ನು ಪಟ್ಟಿ ಮಾಡಿದರು: ತಿರುಳನ್ನು ಕೆಣಕಬಾರದು, ಹಚ್ಚುವಾಗ ನೋಯಬಾರದು, ಹಚ್ಚಲು ಸುಲಭವಾಗಿರಬೇಕು, ಬೇಗ ಫಲ ಕೊಡಬೇಕು, ಫಲ ಬಹುಕಾಲ ಉಳಿಯಬೇಕು, ಹಲ್ಲಿನ ಬಣ್ಣ ಕೆಡಬಾರದು. ಆ ಕಾಲದಲ್ಲಿ ಬಳಕೆಯಲ್ಲಿದ್ದ ಮದ್ದುಗಳು ಎಂಥವಿದ್ದವು ಎಂಬುದನ್ನು ಈ ಬೇಡಿಕೆಗಳೇ ಹೇಳುತ್ತವೆ. ಪೂರ್ತಿಯಾಗಿ ಈ ಪಟ್ಟಿಗೆ ಒಪ್ಪುವ ಔಷಧ ಇಂದಿಗೂ ದೊರೆತಿಲ್ಲ.

ದಿನನಿತ್ಯದ ಟೂತ್‌ಪೇಸ್ಟಿನಲ್ಲೇ ಮದ್ದನ್ನು ಬೆರೆಸುವ ದಾರಿಯನ್ನು ಜನಪ್ರಿಯಗೊಳಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಬ್ಲಾಕ್ ಡ್ರಗ್ ಕಂಪನಿ. ಅದು 1961ರಲ್ಲಿ ಮಾರುಕಟ್ಟೆಗೆ ತಂದ ಸೆನ್ಸೊಡೈನ್‌ನಲ್ಲಿದ್ದ ಘಟಕ ಸ್ಟ್ರಾನ್ಷಿಯಂ ಕ್ಲೋರೈಡ್. 1974ರಲ್ಲಿ ಅಮೆರಿಕದ ಹೊಡೋಶ್ ಎಂಬ ದಂತವೈದ್ಯರು ಪೊಟ್ಯಾಸಿಯಂ ನೈಟ್ರೇಟಿನ ಪರಿಣಾಮವನ್ನು ಪ್ರಕಟಿಸಿದ ಮೇಲೆ, ಸಿಡಿಮದ್ದಿನ ತಯಾರಿಕೆಯಲ್ಲಿ ಹೆಸರಾದ ಈ ಪೆಟ್ಲುಪ್ಪೇ ಹಲ್ಲಿನ ಮದ್ದಾಗಿ ಎಲ್ಲೆಡೆ ಹಬ್ಬಿತು. ನಾಳದ ಮೂಲಕ ಒಳನುಸುಳುವ ಪೊಟ್ಯಾಸಿಯಂ ನರತುದಿಯ ಸಂವೇದನೆಯನ್ನು ಮಂಕಾಗಿಸುತ್ತದೆ ಎಂಬುದು ಅದರ ಹಿಂದಿನ ತರ್ಕ. ಗಮನಿಸಬೇಕಾದ ಸಂಗತಿ ಇಲ್ಲಿದೆ: ಬ್ರಾನ್‌ಸ್ಟ್ರೋಮ್ ಅವರು ನಾಳದ ಕಡೆಗೆ ಬೆರಳು ತೋರಿಸಿದ್ದಾಗಲೇ ಮಾರುಕಟ್ಟೆ ನರವನ್ನು ಸುಮ್ಮನಾಗಿಸುವ ಹಳೆಯ ದಾರಿಯಲ್ಲಿಯೇ ಇನ್ನೂ ಹಲವು ವರ್ಷ ನಡೆಯಿತು. ನಾಳವನ್ನು ಮುಚ್ಚಬೇಕೆಂಬುದನ್ನು ಸಿದ್ಧಾಂತ ಹೇಳಿತ್ತಾದರೂ, ಹಲ್ಲಿಗೆ ಹೊಂದಿಕೊಂಡು ಉಳಿಯಬಲ್ಲ ಮುಚ್ಚಳದ ವಸ್ತು ದಂತವೈದ್ಯರ ಕೈಯಲ್ಲಿರಲಿಲ್ಲ. ಆ ವಸ್ತು ಬೇರೆಲ್ಲೋ, ಬೇರೆ ಕಾರಣಕ್ಕಾಗಿ ಸಿದ್ಧವಾಗುತ್ತಿತ್ತು.

ಲ್ಯಾರಿ ಹೆಂಚ್ (1938–2015) ವೈದ್ಯರಲ್ಲ; ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಸೆರಾಮಿಕ್ ವಿಜ್ಞಾನದ ಅಧ್ಯಾಪಕರಾಗಿ ಅವರು ವಿಕಿರಣದ ಹೊಡೆತವನ್ನು ತಾಳಿಕೊಳ್ಳುವ ಅರೆವಾಹಕ ಗಾಜುಗಳ ಮೇಲೆ ಕೆಲಸ ಮಾಡುತ್ತಿದ್ದರು. 1967ರಲ್ಲಿ ಸೈನ್ಯದ ವಸ್ತುಸಂಶೋಧನಾ ಸಮ್ಮೇಳನವೊಂದಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಅವರ ಪಕ್ಕದಲ್ಲಿ ಕುಳಿತಿದ್ದವರು ವಿಯೆಟ್ನಾಂ ಯುದ್ಧಭೂಮಿಯಲ್ಲಿ ವೈದ್ಯಕೀಯ ಸರಬರಾಜಿನ ಹೊಣೆ ಹೊತ್ತು ಮರಳಿದ್ದ ಸೇನಾಧಿಕಾರಿ. ವಿಕಿರಣವನ್ನು ತಾಳುವ ವಸ್ತುವನ್ನು ಮಾಡಬಲ್ಲವರು ಮನುಷ್ಯದೇಹವನ್ನು ತಾಳುವ ವಸ್ತುವನ್ನೂ ಮಾಡಲಾಗದೇ ಎಂದು ಆ ಅಧಿಕಾರಿ ಕೇಳಿದರೆಂದು ಹೆಂಚ್ ಮುಂದೆ ಹಲವು ಬರಹಗಳಲ್ಲಿ ದಾಖಲಿಸಿದ್ದಾರೆ. ಅಂದಿನ ಲೋಹದ, ಪ್ಲಾಸ್ಟಿಕ್ಕಿನ ಕಸಿವಸ್ತುಗಳನ್ನು ದೇಹ ಪರಕೀಯವೆಂದು ಗುರುತಿಸಿ ಸುತ್ತಲೂ ನಾರಿನಂಥ ಅಂಗಾಂಶದ ಗೋಡೆ ಕಟ್ಟುತ್ತಿತ್ತು. ಕ್ರಮೇಣ ಅವು ಸಡಿಲಗೊಳ್ಳುತ್ತಿದ್ದವು, ಕೈಕಾಲುಗಳನ್ನು ಕತ್ತರಿಸಬೇಕಾದ ಸಂದರ್ಭಗಳೂ ಬರುತ್ತಿದ್ದವು. ಆದುದರಿಂದ ದೇಹದೊಂದಿಗೆ ಆದಷ್ಟೂ ವ್ಯವಹರಿಸದ, ಜಡವಾದ ವಸ್ತುವನ್ನು ಹುಡುಕುವುದೇ ಆ ಕಾಲದ ಸಂಶೋಧಕರ ಗುರಿಯಾಗಿತ್ತು. ಹೆಂಚ್ ಅವರ ಊಹೆ ಇದಕ್ಕೆ ತೀರ ವಿರುದ್ಧ: ಮೂಳೆಯ ಖನಿಜಾಂಶ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಆಗಿರುವುದರಿಂದ, ದೇಹದೊಳಗೆ ಅಂಥದೇ ಪದರವನ್ನು ತನ್ನ ಮೈಮೇಲೆ ತಾನೇ ಬೆಳೆಸಿಕೊಳ್ಳುವ ವಸ್ತುವನ್ನು ದೇಹ ಹೊರದೂಡಲಾರದು.

ಅಮೆರಿಕದ ಸೈನ್ಯದ ವೈದ್ಯಕೀಯ ಸಂಶೋಧನಾ ವಿಭಾಗ 1968ರಲ್ಲಿ ಹಣ ಒದಗಿಸಿತು. ಸೋಡಾ, ಸುಣ್ಣ, ಸಿಲಿಕಾ ಮೂರೂ ಕಡಿಮೆ ಕಾವಿನಲ್ಲಿ ಒಟ್ಟಿಗೆ ಕರಗುವ ಪ್ರಮಾಣದ ಸಮೀಪದಲ್ಲಿ ಮಿಶ್ರಣವನ್ನು ಆರಿಸಿ, ಅದಕ್ಕೆ ರಂಜಕವನ್ನು ಸೇರಿಸಿ ಎರಕ ಹೊಯ್ದ ಚಿಕ್ಕ ಗಾಜಿನ ತುಂಡುಗಳನ್ನು 1969ರಲ್ಲಿ ಗೇನ್ಸ್‌ವಿಲ್‌ನ ಮೂಳೆತಜ್ಞ ಟೆಡ್ ಗ್ರೀನ್‌ಲೀ ಇಲಿಗಳ ತೊಡೆಮೂಳೆಯಲ್ಲಿ ಕೂರಿಸಿದರು. ಆರು ವಾರಗಳ ನಂತರ ಅವುಗಳನ್ನು ಹೊರತೆಗೆಯಲು ಹೋದಾಗ ತಳ್ಳಿದರೂ ಹೊಡೆದರೂ ಅವು ಕದಲಲಿಲ್ಲ. ಮುಂದಿನ ಪ್ರಯೋಗಗಳಲ್ಲಿ ಬಲ ಹಾಕಿದಾಗ ಮೂಳೆಯೋ ಗಾಜೋ ಮುರಿಯುತ್ತಿತ್ತೇ ಹೊರತು ಅವೆರಡರ ನಡುವಿನ ಬೆಸುಗೆ ಬಿಡುತ್ತಿರಲಿಲ್ಲ. 1971ರಲ್ಲಿ ಈ ಫಲಿತಾಂಶ ಪ್ರಬಂಧವಾಗಿ ಪ್ರಕಟವಾಯಿತು. ವಸ್ತುವಿಗೆ ಬಯೋಗ್ಲಾಸ್ ಎಂದು ಹೆಸರಿಡಲಾಯಿತು. ದೇಹದೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಗಾಜುಗಳ ಇಡೀ ವರ್ಗಕ್ಕೆ ಜೈವಿಕ ಸಕ್ರಿಯ ಗಾಜು ಎಂಬ ಹೆಸರು ಸಲ್ಲುತ್ತದೆ. 

ಗಾಜು ಮೂಳೆಗೆ ಅಂಟಿಕೊಳ್ಳುವ ರೀತಿಯೇ ಮುಂದೆ ಹಲ್ಲಿಗೂ ಅನ್ವಯವಾಗಿರುವುದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಸಾಮಾನ್ಯ ಗಾಜಿನಲ್ಲಿ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದಕ್ಕೊಂದು ಹೆಣೆದುಕೊಂಡು ಬಿಗಿಯಾದ ಜಾಲವಾಗಿರುತ್ತವೆ. ಸೋಡಾ, ಸುಣ್ಣಗಳ ಪಾಲು ಹೆಚ್ಚಿದಂತೆ ಆ ಜಾಲ ಅಲ್ಲಲ್ಲಿ ಕಡಿದು, ಹೆಣಿಗೆ ಸಡಿಲಗೊಂಡ ಬುಟ್ಟಿಯಿಂದ ಕಾಳು ಸೋರುವ ಹಾಗೆ, ಒಳಗಿನ ಸೋಡಿಯಂ ಸುಲಭವಾಗಿ ಹೊರಬೀಳುತ್ತದೆ. ಗಾಜು ದೇಹದ್ರವಕ್ಕೋ ಎಂಜಲಿಗೋ ತಾಗಿದ ಕ್ಷಣದಿಂದ ಅದರ ಮೈಯ ಸೋಡಿಯಂ ಹೊರಬಂದು ನೀರಿನ ಹೈಡ್ರೋಜನ್ ಒಳಸೇರುತ್ತದೆ. ಇದರಿಂದ ಸುತ್ತಲಿನ ದ್ರವದ ಕ್ಷಾರಗುಣ ಏರುತ್ತದೆ. ಜಾಲ ಇನ್ನಷ್ಟು ಒಡೆದು ಮೇಲ್ಮೈಯಲ್ಲಿ ಸಿಲಿಕಾದ ಲೋಳೆಪದರವೊಂದು ಉಳಿಯುತ್ತದೆ. ಗಾಜಿನಿಂದಲೂ ದ್ರವದಿಂದಲೂ ಬಂದ ಕ್ಯಾಲ್ಸಿಯಂ, ಫಾಸ್ಫೇಟ್‌ಗಳು ಆ ಪದರದ ಮೇಲೆ ಕೂಡುತ್ತವೆ. ಮೊದಲು ಆಕಾರವಿಲ್ಲದ ರಾಶಿಯಾಗಿದ್ದುದು ಕ್ರಮೇಣ ಹರಳುಗಟ್ಟಿ, ಕಾರ್ಬೊನೇಟ್ ಬೆರೆತ ಅಪಟೈಟ್ ಆಗುತ್ತದೆ. ಇದು ಮೂಳೆಯ ಖನಿಜಕ್ಕೂ ಡೆಂಟಿನ್ನಿನ ಖನಿಜಕ್ಕೂ ತೀರ ಹತ್ತಿರದ ವಸ್ತು. ಹೆಂಚ್ ರಂಜಕವನ್ನು ಸೇರಿಸಿದ್ದು ಮೂಳೆಯ ಖನಿಜವನ್ನು ಅನುಕರಿಸುವುದಕ್ಕಾಗಿ; ಆದರೆ ದ್ರವದಲ್ಲಿ ಫಾಸ್ಫೇಟ್ ಇದ್ದರೆ ರಂಜಕವಿಲ್ಲದ ಗಾಜುಗಳೂ ಇಂಥ ಪದರವನ್ನು ಕಟ್ಟಬಲ್ಲವೆಂದು ಅನಂತರದ ಸಂಶೋಧನೆ ತೋರಿಸಿತು. ಒಂದು ಆವಿಷ್ಕಾರದ ಹಿಂದಿನ ತರ್ಕ ಭಾಗಶಃ ಅನಗತ್ಯವಾಗಿದ್ದೂ ಆವಿಷ್ಕಾರ ಮಾತ್ರ ಗಟ್ಟಿಯಾಗಿ ನಿಂತ ನಿದರ್ಶನವಿದು.

ಸೈನಿಕರ ಮುರಿದ ಕೈಕಾಲುಗಳಿಗಾಗಿ ಹುಟ್ಟಿದ ಈ ಗಾಜು ಭಾರ ಹೊರುವ ಮೂಳೆಯ ಜಾಗವನ್ನು ತುಂಬಲಾರದೆ ಹೋಯಿತು, ಏಕೆಂದರೆ ಅದು ಗಾಜು, ಬಾಗದೆ ಒಡೆಯುತ್ತದೆ. ಹೀಗಾಗಿ ಅದರ ಮೊದಲ ಮಾರುಕಟ್ಟೆ ರೂಪ ಕಾಲಿಗೆ ಬರಲಿಲ್ಲ, ಕಿವಿಗೆ ಬಂತು. ಮಧ್ಯಕರ್ಣದ ಪುಟ್ಟ ಮೂಳೆಗಳು ಹಾಳಾದವರಿಗೆ ಶ್ರವಣ ಮರಳಿಸುವ ಸಣ್ಣ ಕಸಿತುಂಡಿಗೆ 1985ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿ ದೊರೆಯಿತು. 1988ರಲ್ಲಿ ಹಲ್ಲು ಕಿತ್ತ ಕುಳಿಯೊಳಗೆ ಕೂರಿಸುವ ಶಂಕುವಿನಾಕಾರದ ತುಂಡುಗಳು ಬಂದವು. ಕೃತಕ ದಂತಪಂಕ್ತಿ ಕೂರಲು ಬೇಕಾದ ದವಡೆಯ ದಿಂಡು ಕರಗಿಹೋಗದಂತೆ ಕಾಯುವುದು ಅವುಗಳ ಕೆಲಸ. ಎರಡೂ ಹೆಚ್ಚು ಕಾಲ ನಡೆಯಲಿಲ್ಲ. ಸಿದ್ಧ ಅಳತೆಯಲ್ಲಿ ಬರುವ ಗಟ್ಟಿ ಗಾಜನ್ನು ಶಸ್ತ್ರವೈದ್ಯರು ರೋಗಿಯ ಅಳತೆಗೆ ತಕ್ಕಂತೆ ಕೊರೆಯುವುದು ಕಷ್ಟವಾಗಿತ್ತು. 1993ರಲ್ಲಿ ಬಂದ ಪೆರಿಯೊಗ್ಲಾಸ್ ಎಂಬ ಉತ್ಪನ್ನ ಈ ತೊಡಕನ್ನು ಬಿಡಿಸಿತು: ಗಾಜನ್ನು 90ರಿಂದ 710 ಮೈಕ್ರಾನಿನ ಹರಳುಗಳಾಗಿ ಕುಟ್ಟಿ, ಒಸಡಿನ ರೋಗದಿಂದ ಹಲ್ಲಿನ ಸುತ್ತ ಮೂಳೆ ಕರಗಿ ಉಂಟಾದ ಕುಳಿಗಳಲ್ಲಿ ತುಂಬುವುದು. ಕುಳಿಯ ಆಕಾರ ಹೇಗೇ ಇದ್ದರೂ ಹರಳು ಅದಕ್ಕೆ ಹೊಂದಿಕೊಳ್ಳುತ್ತಿತ್ತು. ವಸ್ತುವಿನ ಚರಿತ್ರೆಯಲ್ಲಿ ನಿಜವಾದ ತಿರುವು ಇದೇ ಎನ್ನಬೇಕು. ಗಟ್ಟಿಯಾಗಿದ್ದಾಗ ಶಸ್ತ್ರವೈದ್ಯರ ಕೈಗೂ ಒಗ್ಗದಿದ್ದ ಗಾಜು ಪುಡಿಯಾದ ಮೇಲೆ ದಂತವೈದ್ಯರ ದಿನನಿತ್ಯದ ಸಲಕರಣೆಯಾಯಿತು; ಇನ್ನೂ ನುಣ್ಣಗಾದಾಗ ವೈದ್ಯರ ಕೈಯನ್ನೂ ದಾಟಿ ಮನೆಗೆ ಬಂದಿತು.

ಆ ಕೊನೆಯ ಹೆಜ್ಜೆ ಇಟ್ಟವರು ಮೇರಿಲೆಂಡ್ ವಿಶ್ವವಿದ್ಯಾಲಯದ ದಂತವೈದ್ಯ ಶಾಲೆಯ ಲೆನ್ ಲಿಟ್‌ಕೌಸ್ಕಿ ಮತ್ತು ಗ್ಯಾರಿ ಹ್ಯಾಕ್, ಅವರೊಂದಿಗೆ ಹೆಂಚ್ ಅವರ ಬಳಗದಿಂದ ಬಂದ ಡೇವಿಡ್ ಗ್ರೀನ್‌ಸ್ಪ್ಯಾನ್. ಒಸಡಿನ ಬಳಿ ಹಚ್ಚಿದ ಗಾಜು ಮೂಳೆಯಲ್ಲಿ ಖನಿಜ ಕಟ್ಟುವುದಾದರೆ, ತೆರೆದ ಡೆಂಟಿನ್ನಿನ ಮೇಲೂ ಕಟ್ಟಬೇಕಲ್ಲ ಎಂಬ ಪ್ರಶ್ನೆಯಿಂದ ಹೊರಟು, ಕೆಲವೇ ಮೈಕ್ರಾನಿನ ಗಾಜಿನ ಪುಡಿ ನಾಳಗಳ ಬಾಯನ್ನು ಮುಚ್ಚುತ್ತದೆಂದು ಅವರು 1990ರ ದಶಕದ ಉತ್ತರಾರ್ಧದಲ್ಲಿ ತೋರಿಸಿದರು. ಕ್ಯಾಲ್ಸಿಯಂ ಸೋಡಿಯಂ ಫಾಸ್ಫೊಸಿಲಿಕೇಟ್ ಎಂಬ ಉದ್ದ ಹೆಸರಿನ, ನೋವಾಮಿನ್ ಎಂಬ ವ್ಯಾಪಾರನಾಮದ ಈ ಪುಡಿ ಸಂಯೋಜನೆಯಲ್ಲಿ ಅದೇ 45ಎಸ್5. ಟೂತ್‌ಪೇಸ್ಟಿನಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ 5. ನೀರು ತಗುಲಿದೊಡನೆ ಕೆಲಸ ಆರಂಭಿಸುವ ಗಾಜನ್ನು ನೀರಿರುವ ಪೇಸ್ಟಿನಲ್ಲಿ ಇಟ್ಟರೆ ಅದು ಕೊಳವೆಯಲ್ಲೇ ತನ್ನ ಸತ್ವ ಕಳೆದುಕೊಳ್ಳುತ್ತದೆ; ಆದುದರಿಂದ ಈ ಪೇಸ್ಟುಗಳಲ್ಲಿ ನೀರಿನ ಬದಲು ಗ್ಲಿಸರಿನ್ ಬಳಸಬೇಕಾಯಿತು. ಫ್ಲಾರಿಡಾದ ಅಲಾಚುವಾದಲ್ಲಿ ನೆಲೆಗೊಂಡಿದ್ದ ನೋವಾಮಿನ್ ಕಂಪನಿಯನ್ನು ಗ್ಲಾಕ್ಸೊಸ್ಮಿತ್‌ಕ್ಲೈನ್ 2009ರ ಕೊನೆಯಲ್ಲಿ ಸುಮಾರು 13.5 ಕೋಟಿ ಡಾಲರಿಗೆ ಕೊಂಡಿತು. ಸೆನ್ಸೊಡೈನ್ ಕೂಡ ಅಷ್ಟರಲ್ಲಿ ಬ್ಲಾಕ್ ಡ್ರಗ್‌ನೊಂದಿಗೆ ಅದರ ವಶಕ್ಕೆ ಬಂದಿತ್ತು. 2011ರ ಹೊತ್ತಿಗೆ ಯುರೋಪಿನಲ್ಲಿ ನೋವಾಮಿನ್ ಇರುವ ಸೆನ್ಸೊಡೈನ್ ರಿಪೇರ್ ಅಂಡ್ ಪ್ರೊಟೆಕ್ಟ್ ಮಾರಾಟಕ್ಕೆ ಬಂತು. ಗಾಜು ಹುಟ್ಟಿದ ಅಮೆರಿಕದಲ್ಲಿಯೇ ಅದೇ ಹೆಸರಿನ ಪೇಸ್ಟು ಗಾಜಿಲ್ಲದೆ, ಸ್ಟ್ಯಾನಸ್ ಫ್ಲೋರೈಡನ್ನು ಘಟಕವಾಗಿಟ್ಟುಕೊಂಡು ಬಂದದ್ದು ಈ ಚರಿತ್ರೆಯ ವಿಚಿತ್ರಗಳಲ್ಲೊಂದು.

ಭಾರತದಲ್ಲಿ ಈ ಗಾಜು ಶೈ-ಎನ್‌ಎಂ ಎಂಬ ಹೆಸರಿನಲ್ಲಿ ಗ್ರೂಪ್ ಫಾರ್ಮಾಸ್ಯುಟಿಕಲ್ಸ್ ತಯಾರಿಸಿದ ಪೇಸ್ಟಿನ ಮೂಲಕ ದಂತವೈದ್ಯರ ಚೀಟಿಗಳಲ್ಲಿ ಜಾಗ ಪಡೆಯಿತು. ಅದರ ಗುಣವನ್ನು ಪರೀಕ್ಷಿಸಿದ ಮುಖ್ಯ ಅಧ್ಯಯನಗಳಲ್ಲೊಂದು ನಡೆದದ್ದು ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ. 2010ರಲ್ಲಿ ಅಮೆರಿಕದ ಒಸಡುವೈದ್ಯರ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 110 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಗಾಜಿನ ಪೇಸ್ಟನ್ನೂ ಇನ್ನೊಂದಕ್ಕೆ ಪೊಟ್ಯಾಸಿಯಂ ನೈಟ್ರೇಟಿನ ಪೇಸ್ಟನ್ನೂ ಮತ್ತೊಂದಕ್ಕೆ ಮದ್ದಿಲ್ಲದ ಪೇಸ್ಟನ್ನೂ ಕೊಟ್ಟು, ಹಲ್ಲಿನ ಮೇಲೆ ಗಾಳಿ ಊದಿ, ತಣ್ಣೀರು ಹಾಕಿ, ನೋವು ಎಷ್ಟೆಂದು ಅವರೇ ಅಳತೆಪಟ್ಟಿಯಲ್ಲಿ ಗುರುತಿಸುವಂತೆ ಮಾಡಲಾಯಿತು. ಆರು ವಾರಗಳ ಕೊನೆಗೆ ಗಾಜಿನ ಗುಂಪಿನಲ್ಲಿ ನೋವು ಹೆಚ್ಚು ಇಳಿದಿತ್ತು. ನೋವನ್ನು ಅನುಭವಿಸುವವರೇ ಅಳೆಯಬೇಕಾದ ಇಂಥ ಪರೀಕ್ಷೆಗಳಲ್ಲಿ ಮದ್ದಿಲ್ಲದ ಪೇಸ್ಟು ಬಳಸಿದವರಿಗೂ ಒಂದಿಷ್ಟು ಉಪಶಮನ ಕಾಣುವುದು ಸಾಮಾನ್ಯವಾದ್ದರಿಂದ, ಹೋಲಿಕೆಯ ಗುಂಪಿಲ್ಲದೆ ಮಾಡಿದ ಯಾವ ಹೊಗಳಿಕೆಗೂ ಬೆಲೆಯಿಲ್ಲ. ಪ್ರಯೋಗಾಲಯದ ಸೂಕ್ಷ್ಮದರ್ಶಕದ ಚಿತ್ರಗಳ ಮಾತೂ ಹಾಗೆಯೇ: ಮುಚ್ಚಿದ ನಾಳ ಕಣ್ಣಿಗೆ ಕಾಣುತ್ತದೆ, ಹುಳಿ ಪಾನೀಯ ಕುಡಿಯುವ, ದಿನಕ್ಕೆರಡು ಬಾರಿ ಹಲ್ಲುಜ್ಜುವ ಬಾಯಲ್ಲಿ ಆ ಮುಚ್ಚಳ ಎಷ್ಟು ದಿನ ಉಳಿಯುತ್ತದೆಂಬುದನ್ನು ಚಿತ್ರ ಹೇಳುವುದಿಲ್ಲ. ಪೇಸ್ಟನ್ನು ನಿಲ್ಲಿಸದೆ ಬಳಸುವಂತೆ ವೈದ್ಯರು ಹೇಳುವುದು ಈ ಕಾರಣಕ್ಕೆ.

ಹೆಂಚ್ ಅವರ ಮೂಲ ಮಿಶ್ರಣ ಹಲ್ಲಿಗೆಂದು ರೂಪಿಸಿದ್ದಲ್ಲ ಎಂಬ ಸಂಗತಿಯನ್ನು ಗಂಭೀರವಾಗಿ ತೆಗೆದುಕೊಂಡವರು ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ರಾಬರ್ಟ್ ಹಿಲ್ ಮತ್ತು ಅವರ ಸಂಗಡಿಗರು. 45ಎಸ್5 ಎನಾಮೆಲ್‌ಗಿಂತ ಗಡಸಾದುದರಿಂದ ಉಜ್ಜುವಾಗ ಕವಚವನ್ನೇ ಸವೆಸಬಹುದು. ಅದು ಕಟ್ಟುವ ಅಪಟೈಟ್ ಹುಳಿಗೆ ಸುಲಭವಾಗಿ ಕರಗುತ್ತದೆ. ಗಾಜಿನ ಜಾಲದೊಳಗೇ ಫ್ಲೋರೈಡನ್ನು ಸೇರಿಸಿ, ಫಾಸ್ಫೇಟಿನ ಪಾಲನ್ನು ಹೆಚ್ಚಿಸಿದರೆ, ಹುಳಿಯನ್ನು ಚೆನ್ನಾಗಿ ತಡೆಯುವ ಫ್ಲೋರ್‌ಅಪಟೈಟ್ ಇನ್ನೂ ಬೇಗ ಕಟ್ಟುತ್ತದೆಂದು ಅವರು ತೋರಿಸಿದರು. ಬಯೋಮಿನ್ ಎಫ್ ಎಂಬ ಈ ಗಾಜು 2016ರಲ್ಲಿ ಬ್ರಿಟನ್ನಿನಲ್ಲಿ ಪೇಸ್ಟಾಗಿ ಬಂತು; ಭಾರತದಲ್ಲಿ ಎಲ್ಸೆನ್ಸ್ ಎಂಬ ಹೆಸರಿನಲ್ಲಿ ಅದನ್ನು ಮಾರಾಟಕ್ಕೆ ತಂದದ್ದು ಶೈ-ಎನ್‌ಎಂ ತಯಾರಿಸಿದ ಗ್ರೂಪ್ ಫಾರ್ಮಾಸ್ಯುಟಿಕಲ್ಸ್ ಸಂಸ್ಥೆಯೇ. ಹೀಗೆ ಎರಡು ತಲೆಮಾರಿನ ಗಾಜುಗಳು, ಪೆಟ್ಲುಪ್ಪಿನ ಪೇಸ್ಟುಗಳ ಪಕ್ಕದಲ್ಲಿಯೇ, ಈಗ ಒಂದೇ ಔಷಧದಂಗಡಿಯ ಕಪಾಟಿನಲ್ಲಿ ದೊರೆಯುತ್ತವೆ.